ಬಾಗಿಲು ತೆರೆದಿತ್ತು, ಚೀಲ ಹೊರಡಲಿಲ್ಲ

2018ರ ಮೇ ತಿಂಗಳಲ್ಲಿ ಕರ್ನಾಟಕದ ಕಣ್ಣೆಲ್ಲ ವಿಧಾನಸೌಧದ ಮೇಲಿತ್ತು. 12ಕ್ಕೆ ಮತದಾನ, 15ಕ್ಕೆ ಎಣಿಕೆ, 23ಕ್ಕೆ ಎಚ್.ಡಿ. ಕುಮಾರಸ್ವಾಮಿಯವರ ಪ್ರಮಾಣವಚನ. ಆ ಗದ್ದಲದಲ್ಲಿ ಇನ್ನೊಂದು ಸುದ್ದಿ ಬದಿಗೆ ಸರಿಯಿತು. ಪ್ರಮಾಣವಚನದ ಹಿಂದಿನ ದಿನ, ಮೇ 22ರಂದು, ದೇಶದ ಗ್ರಾಮೀಣ ಅಂಚೆ ಸೇವಕರು ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಇಳಿದಿದ್ದರು. ಮುಷ್ಕರ 16 ದಿನ ನಡೆಯಿತು. ಜೂನ್ 6ರಂದು ಕೇಂದ್ರ ಸಂಪುಟ ಅವರ ಭತ್ಯೆ ಪರಿಷ್ಕರಣೆಗೆ ಒಪ್ಪಿಗೆ ಕೊಟ್ಟ ಮೇಲೆ ನಿಂತಿತು. ಬೆಂಗಳೂರಿನ ಬಡಾವಣೆಗಳಲ್ಲಿ ಇದ್ದವರಿಗೆ ಆ ಹದಿನಾರು ದಿನಗಳಲ್ಲಿ ಹೆಚ್ಚು ವ್ಯತ್ಯಾಸ ಗೊತ್ತಾಗಿರಲಿಕ್ಕಿಲ್ಲ. ಮಂಚೇನಹಳ್ಳಿಯಂಥ ಊರಿನ ಸುತ್ತಮುತ್ತ ಗೊತ್ತಾಗದೆ ಇರುವ ಹಾಗೇ ಇಲ್ಲ. ಅಂಚೆ ಮುಷ್ಕರ ಎಂದರೆ ನಾಲ್ಕು ಕಾಗದ ತಡವಾಗಿ ಬರುತ್ತವೆ ಅಷ್ಟೇ ಎಂದು ತಿಳಿದವರು ಇಂದಿಗೂ ಇದ್ದಾರೆ. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು.

ಚಿಕ್ಕಬಳ್ಳಾಪುರಕ್ಕೂ ಗೌರಿಬಿದನೂರಿಗೂ ನಡುವೆ ಇರುವ ಮಂಚೇನಹಳ್ಳಿ ಆಗ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ. ತಾಲ್ಲೂಕು ಆದದ್ದು ಆಮೇಲೆ. ಇಲ್ಲಿರುವುದು ಉಪ ಅಂಚೆ ಕಚೇರಿ. ಅಲ್ಲಿ ಕೌಂಟರಿನಲ್ಲಿ ಕೂರುವವರು ಇಲಾಖೆಯ ಕಾಯಂ ನೌಕರರು: ತಿಂಗಳ ಸಂಬಳ, ವೇತನ ಆಯೋಗ, ನಿವೃತ್ತಿ ಸೌಲಭ್ಯ ಎಲ್ಲವೂ ಉಳ್ಳವರು. ಉಪ ಅಂಚೆ ಕಚೇರಿಯಿಂದ ಆಚೆಗೆ, ಸುತ್ತಲ ಹಳ್ಳಿಗಳಲ್ಲಿ ಇರುವುದು ಶಾಖಾ ಅಂಚೆ ಕಚೇರಿಗಳು. ಅಲ್ಲಿ ಕೆಲಸ ಮಾಡುವವರು ಗ್ರಾಮೀಣ ಅಂಚೆ ಸೇವಕರು. ಬೋರ್ಡು ಒಂದೇ, ಕೆಂಪು ಡಬ್ಬಿ ಒಂದೇ, ಮೊಹರು ಒಂದೇ. ನೌಕರಿಯ ಷರತ್ತು ಮಾತ್ರ ಬೇರೆಬೇರೆ. 2018ರ ಮುಷ್ಕರ ಈ ಎರಡನೆಯ ವರ್ಗದವರದು.

ಹಾಗಾಗಿ ಆ ದಿನಗಳಲ್ಲಿ ಉಪ ಅಂಚೆ ಕಚೇರಿಗಳ ಬಾಗಿಲು ಮುಚ್ಚಬೇಕಾದ ಕಾರಣವಿರಲಿಲ್ಲ. ಪೇಟೆಯ ಕಡೆಯಿಂದ ಟಪಾಲು ಬರುತ್ತದೆ, ಊರೂರಿನ ಹೆಸರಿಗೆ ಬೇರೆ ಮಾಡಿ ಚೀಲಕ್ಕೆ ತುಂಬುತ್ತಾರೆ, ಬಾಯಿ ಕಟ್ಟಿ ಮೊಹರು ಹಾಕುತ್ತಾರೆ. ಅಲ್ಲಿಗೆ ನಿಲ್ಲುತ್ತದೆ. ಆ ಚೀಲವನ್ನು ಬೈಕಿಗೋ ಸೈಕಲ್ಲಿಗೋ ಕಟ್ಟಿಕೊಂಡು ಹಳ್ಳಿಗೆ ಒಯ್ಯುವವರು, ಅಲ್ಲಿ ಬಿಚ್ಚಿ ಲೆಕ್ಕ ಹಿಡಿಯುವ ಬ್ರಾಂಚ್ ಪೋಸ್ಟ್‌ಮಾಸ್ಟರ್ (ಬಿಪಿಎಂ), ಮನೆಮನೆಗೆ ಕೊಡುವವರು ಮೂವರೂ ಗ್ರಾಮೀಣ ಸೇವಕರೇ. ಕೇಂದ್ರ ಸಂಪುಟ ಆಗ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿ 1.29 ಲಕ್ಷ ಶಾಖಾ ಅಂಚೆ ಕಚೇರಿಗಳು, 3.07 ಲಕ್ಷ ಗ್ರಾಮೀಣ ಅಂಚೆ ಸೇವಕರು. ಭಾರತದ ಅಂಚೆ ಕಚೇರಿಗಳಲ್ಲಿ ಬಹುಪಾಲು ಇವೇ. ಕೌಂಟರ್ ನಡೆಯುತ್ತಿದ್ದರೂ ಹಳ್ಳಿಯ ಮಟ್ಟಿಗೆ ಅಂಚೆ ನಿಂತಂತೆಯೇ ಎಂಬ ಮಾತು ಇದರಿಂದ ಬರುತ್ತದೆ.

ಆ ಚೀಲದಲ್ಲಿ ಏನಿರುತ್ತದೆ ಎಂಬುದು ಮುಂದಿನ ಪ್ರಶ್ನೆ. ಕ್ಷೇಮ ಸಮಾಚಾರದ ಕಾಗದ ಈಗ ಅಪರೂಪ, ಅದು ಫೋನಿಗೆ ಹೋಗಿ ಬಹಳ ಕಾಲವಾಯಿತು. ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಪಿಂಚಣಿ. ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ವೇತನ, 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ, ಇವೆಲ್ಲ ಕರ್ನಾಟಕದಲ್ಲಿ ಬಹುಕಾಲ ಮನಿಯಾರ್ಡರ್ ಆಗಿಯೇ ಹಳ್ಳಿಗೆ ಬಂದವು. ಪೋಸ್ಟಣ್ಣ ಜಗಲಿಯ ಮೇಲೆ ಕೂತು, ಹೆಸರು ಕೂಗಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಸಾಕ್ಷಿಗೆ ಪಕ್ಕದ ಮನೆಯವರ ಸಹಿ ಹಾಕಿಸಿ, ನೋಟು ಎಣಿಸಿ ಕೈಗಿಡುವುದು. 2018ರ ಆ ಮುಷ್ಕರದ ಹೊತ್ತಿಗೆ ಸಂಧ್ಯಾ ಸುರಕ್ಷಾದ ಮೊತ್ತ ತಿಂಗಳಿಗೆ 600 ರೂಪಾಯಿ. ಜುಲೈನ ಬಜೆಟ್‌ನಲ್ಲಿ ಅದು 1000 ಎಂದು ಘೋಷಣೆಯಾಯಿತು.

ಆರುನೂರು ರೂಪಾಯಿ ಸಣ್ಣ ಮೊತ್ತ. ಅದು ತಡವಾದರೆ ಏನಾಗುತ್ತದೆ ಎಂಬುದು ಸಣ್ಣ ಮಾತಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ದುಡ್ಡು ಬೇಗ ಬೇಗ ತಿರುಗುತ್ತದೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ಇದೆ, ಚಿಂತಾಮಣಿಯ ಟೊಮೆಟೊ ಮಂಡಿ ಇದೆ, ಊರೂರಿಗೆ ಹಾಲಿನ ಡೇರಿಯ ಬಟವಾಡೆ ಇದೆ. ದುಡಿಯುವ ಕೈ ಇದ್ದವರಿಗೆ ಒಂದು ಕಡೆ ನಿಂತರೆ ಇನ್ನೊಂದು ಕಡೆಯಿಂದ ನಾಲ್ಕು ಕಾಸು ಬರುತ್ತದೆ. ಹುಳು ಸಾಕಲು ಸೊಪ್ಪಿಲ್ಲದ, ಹಸು ಕಟ್ಟಲು ಶಕ್ತಿಯಿಲ್ಲದ, ಕೂಲಿಗೆ ಹೋಗಲು ಕಾಲು ಬಾರದ ಮುದುಕಿಗೆ ಪಿಂಚಣಿ ಬಿಟ್ಟು ಬೇರೆ ಬಾಬತ್ತಿಲ್ಲ. ಅವಳು ಅಂಗಡಿಯಲ್ಲಿ ಲೆಕ್ಕ ಬರೆಸಿ ಸೋಪು, ಎಣ್ಣೆ, ಎಲೆ ಅಡಿಕೆ ತರುತ್ತಾಳೆ. ಪಿಂಚಣಿ ಬಂದ ದಿನ ತೀರಿಸುತ್ತಾಳೆ. ಆ ನಂಬಿಕೆಯ ಮೇಲೆ ಅಂಗಡಿಯವನೂ ಕೊಡುತ್ತಾನೆ. ಪೋಸ್ಟು ಬರುವ ದಿನ ಗೊತ್ತಿಲ್ಲದೆ ಹೋದಾಗ ಅಂಗಡಿಯವನು ಕೆಟ್ಟವನಾಗಬೇಕಿಲ್ಲ, "ಮುಂದಿನ ವಾರ ನೋಡೋಣ ಅಜ್ಜಿ" ಎಂದರೆ ಸಾಕು. ಬಿಪಿ, ಸಕ್ಕರೆ ಮಾತ್ರೆ ದಿನ ಬಿಟ್ಟು ದಿನ ನುಂಗಲು ಶುರುಮಾಡುತ್ತಾಳೆ. ಯಾರಿಗೂ ಹೇಳುವುದಿಲ್ಲ. ಮಗನ ಮನೆಯಲ್ಲಿದ್ದರೂ ಕೈಯಲ್ಲಿ ಸ್ವಂತದ ಕಾಸು ಇರುವ ಅತ್ತೆಗೂ ಇಲ್ಲದ ಅತ್ತೆಗೂ ಸಿಗುವ ಮರ್ಯಾದೆಯಲ್ಲಿ ವ್ಯತ್ಯಾಸ ಇದೆ. ಹಳ್ಳಿ ಕಂಡ ಯಾರಿಗಾದರೂ ಇದು ಗೊತ್ತು. ಮುಷ್ಕರದ ಖರ್ಚು ಮೊದಲು ಬೀಳುವುದು ಇಂಥವರ ತಲೆಯ ಮೇಲೆ.

ಖಜಾನೆಯಿಂದ ಹಣ ಬಿಡುಗಡೆಯಾಗುವುದೇ ತಡ, ಎರಡು ಮೂರು ತಿಂಗಳದು ಒಟ್ಟಿಗೆ ಬರುವುದು ಎಂಬುದು ಪಿಂಚಣಿದಾರರ ಹಳೆಯ ಗೋಳು. ಆ ತಡದ ಮೇಲೆ ಮುಷ್ಕರದ ತಡವೂ ಕೂಡುತ್ತದೆ. ಮುಷ್ಕರಕ್ಕೆ ಎರಡು ವಾರವಾದರೆ ಅಜ್ಜಿಯ ಲೆಕ್ಕದಲ್ಲಿ ಕಾಯುವಿಕೆ ಎರಡು ವಾರದ್ದಲ್ಲ, ಅದಕ್ಕೂ ಹಿಂದಿನದು ಸೇರಿರುತ್ತದೆ.

ಇನ್ನು ಉಳಿತಾಯ. ಅಂಚೆ ಕಚೇರಿಯ ಆರ್.ಡಿ. ಖಾತೆ ಕೂಲಿ ಮಾಡುವ ಹೆಣ್ಣುಮಕ್ಕಳ ಖಾತೆ. ಗೌರಿಬಿದನೂರು ಕಡೆ ಗಾರ್ಮೆಂಟ್ಸಿಗೆ ಹೋಗುವವರು, ಅಂಗನವಾಡಿಯಲ್ಲಿ ಇರುವವರು ತಿಂಗಳಿಗೆ ಇಷ್ಟು ಅಂತ ಕಟ್ಟುತ್ತಾರೆ, ಐದು ವರ್ಷಕ್ಕೆ ಒಂದು ಮೊತ್ತವಾಗುತ್ತದೆ. ಇದರಲ್ಲಿ ಕಂತಿನ ದಿನಕ್ಕೆ ಒಂದು ನಿಯಮವಿದೆ. ತಿಂಗಳ 15ರೊಳಗೆ ಖಾತೆ ತೆರೆದವರು ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು. 16ರಂದು ಅಥವಾ ಆಮೇಲೆ ತೆರೆದವರಿಗೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಅವಕಾಶ. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಮೇ 22ಕ್ಕೆ ಶುರುವಾದ ಮುಷ್ಕರ ಈ ಎರಡನೆಯ ಗುಂಪಿನವರ ಕೊನೆಯ ದಿನಗಳನ್ನೆಲ್ಲ ನುಂಗಿತು. ಸಂಬಳ ಆದ ಮೇಲೆ ಕಟ್ಟೋಣ ಎಂದು ತಿಂಗಳ ಕೊನೆಯವರೆಗೆ ಕಾಯುವವರು ಆ ಗುಂಪಿನಲ್ಲೇ ಹೆಚ್ಚು. ದಂಡ ದೊಡ್ಡದಲ್ಲ. ಉಪ ಅಂಚೆ ಕಚೇರಿಗೆ ಬಂದು ಕಟ್ಟಬಹುದಿತ್ತಲ್ಲ ಎಂದೂ ಕೇಳಬಹುದು. ಬರಲು ಬಸ್ಸಿನ ಚಾರ್ಜು ಬೇಕು, ಅರ್ಧ ದಿನದ ಕೂಲಿ ಬಿಡಬೇಕು. ಅಷ್ಟು ಸಣ್ಣ ದಂಡ ಉಳಿಸಲು ಇನ್ನೂರು ರೂಪಾಯಿ ಕಳೆದುಕೊಳ್ಳುವ ಲೆಕ್ಕ ಯಾರೂ ಮಾಡುವುದಿಲ್ಲ.

ಕಾಗದಪತ್ರಗಳ ವಿಷಯ ಬೇಗ ಹೇಳಿ ಮುಗಿಸಬಹುದು. ಆಧಾರ್, ಪ್ಯಾನ್, ಎಟಿಎಂ ಕಾರ್ಡು, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಎಲ್ಲವೂ ಕೊನೆಗೆ ಅಂಚೆಯಲ್ಲೇ ಬರಬೇಕು. ಖಾಸಗಿ ಕೊರಿಯರ್‌ನವರು ಹಳ್ಳಿಗಳ ಮಟ್ಟಿಗೆ ಸಾಮಾನ್ಯವಾಗಿ ಪೇಟೆಯಲ್ಲಿ ನಿಂತು ಫೋನ್ ಮಾಡಿ "ಬಂದು ತಗೊಂಡು ಹೋಗಿ" ಎನ್ನುತ್ತಾರೆ. ಮನೆ ಬಾಗಿಲಿಗೆ ಬರುವುದು ಪೋಸ್ಟ್‌ಮ್ಯಾನ್ ಒಬ್ಬನೇ. ಹೆಚ್ಚು ಅಪಾಯದ್ದು ನೋಟಿಸುಗಳು. ಖಾತೆ ಬದಲಾವಣೆ, ಪಾಲು ವಿಭಾಗ, ಸಾಲ ವಸೂಲಿ ಇವುಗಳಲ್ಲಿ ತಕರಾರು ಸಲ್ಲಿಸಲು ದಿನ ಗೊತ್ತುಮಾಡಿರುತ್ತಾರೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಕಾಗದ ಸಾಮಾನ್ಯವಾಗಿ ತಲುಪುವ ಹೊತ್ತಿಗೆ ತಲುಪಿದೆ ಎಂದೇ ಕಾನೂನು ಭಾವಿಸುತ್ತದೆ. ತಲುಪಲಿಲ್ಲ ಎಂದು ತೋರಿಸುವ ಹೊರೆ ರೈತನದು. ಇಂಥ ನೋಟಿಸು ಬರುವ ನಿರೀಕ್ಷೆ ಇರುವವರು ಮುಷ್ಕರದ ದಿನಾಂಕಗಳಿರುವ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ವಾಯಿದೆ ಮೀರಿದ ಪ್ರಶ್ನೆ ಬಂದಾಗ ವಕೀಲರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ತೊಂದರೆ ಕೊಟ್ಟು ಮುಷ್ಕರ ಮಾಡಿದವರು ಯಾರು? ಇದಕ್ಕೆ ಉತ್ತರ ಹುಡುಕದೆ ಮುಷ್ಕರದ ಬಗ್ಗೆ ಮಾತಾಡುವುದು ಅನ್ಯಾಯ.

ಶಾಖಾ ಅಂಚೆ ಕಚೇರಿಗೆ ಸರ್ಕಾರದ ಕಟ್ಟಡವಿರುವುದಿಲ್ಲ. ಜಾಗ ಒದಗಿಸುವುದು ಬಿಪಿಎಂ ಅವರ ಹೊಣೆ. ಆತ ಅಥವಾ ಆಕೆ ಆ ಹಳ್ಳಿಯಲ್ಲೇ ವಾಸ ಮಾಡಬೇಕು ಎಂಬ ನಿಯಮವಿದೆ. ಬದುಕಿಗೆ ಅಂಚೆಯೊಂದನ್ನೇ ನಂಬಿರಬಾರದು, ಬೇರೆ ವರಮಾನವೂ ಇರಬೇಕು ಎಂಬುದು ಈ ನೌಕರಿಯ ಮೂಲ ಷರತ್ತು. ಇದರ ಬೇರು ಬ್ರಿಟಿಷರ ಕಾಲದ್ದು. ಹಳ್ಳಿಯ ಶಾಲೆಯ ಮೇಷ್ಟ್ರು, ಅಂಗಡಿಕಾರ, ಶಾನುಭೋಗ ಇಂಥವರಿಗೆ ಬಿಡುವಿನ ವೇಳೆಯಲ್ಲಿ ಅಂಚೆ ನೋಡಿಕೊಳ್ಳಲು ಹೇಳಿ ಅಲ್ಪ ಸಂಭಾವನೆ ಕೊಡುತ್ತಿದ್ದರು. ಇ.ಡಿ. (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ನೌಕರರು ಎಂದು ಜನ ಕರೆಯುತ್ತಿದ್ದುದು ಇವರನ್ನೇ. ಸ್ವಾತಂತ್ರ್ಯ ಬಂತು, ಕೆಲಸ ಹೆಚ್ಚಿತು, 1995ರಲ್ಲಿ ಗ್ರಾಮೀಣ ಅಂಚೆ ಜೀವ ವಿಮೆ ಬಂತು, ನರೇಗಾ ಕೂಲಿಯ ಹಣ ಬಂತು. ಷರತ್ತು ಮಾತ್ರ ಆ ಮೇಷ್ಟ್ರ ಕಾಲದ್ದೇ ಉಳಿಯಿತು. 1977ರಲ್ಲಿ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವರದು ಸರ್ಕಾರದ ಅಧೀನದ ನಾಗರಿಕ ಹುದ್ದೆಯೇ ಹೌದು ಎಂದಿತು. ಮನಬಂದಂತೆ ತೆಗೆದುಹಾಕುವುದಕ್ಕೆ ಅದರಿಂದ ತಡೆ ಬಿತ್ತು. ಆದರೆ ಕಾಯಂ ಸೇವೆಯ ಹೊರಗಿನವರು ಎಂಬ ಸ್ಥಾನ ಬದಲಾಗಲಿಲ್ಲ. 1990ರ ದಶಕದಲ್ಲಿ ನ್ಯಾಯಮೂರ್ತಿ ತಲ್ವಾರ್ ಸಮಿತಿ, ಅದಾದ ಮೇಲೆ ನಟರಾಜಮೂರ್ತಿ ಸಮಿತಿ. ಪ್ರತಿ ಸಮಿತಿಯ ವರದಿಯ ಹಿಂದೆಯೂ ಮುಂದೆಯೂ ಚಳವಳಿ ಇದೆ. 2000ದ ಡಿಸೆಂಬರಿನ 14 ದಿನಗಳ ಅಂಚೆ ಮುಷ್ಕರದ ಕೇಂದ್ರದಲ್ಲೂ ಇವರ ಬೇಡಿಕೆಗಳೇ ಇದ್ದವು.

2018ರ ಮುಷ್ಕರದ ಹಿಂದಿನ ಕಥೆ ಇನ್ನೂ ಸರಳ. ಅಂಚೆ ಸೇವಾ ಮಂಡಳಿಯ ನಿವೃತ್ತ ಸದಸ್ಯ ಕಮಲೇಶ್ ಚಂದ್ರ ಅವರ ಏಕಸದಸ್ಯ ಸಮಿತಿಯನ್ನು ಸರ್ಕಾರ 2015ರ ನವೆಂಬರಿನಲ್ಲಿ ತಾನೇ ನೇಮಿಸಿತು. ಸಮಿತಿ ವರ್ಷ ದುಡಿದು 2016ರ ನವೆಂಬರ್ 24ರಂದು ವರದಿ ಕೊಟ್ಟಿತು. ಆಮೇಲೆ ಹದಿನೆಂಟು ತಿಂಗಳು ವರದಿ ದೆಹಲಿಯಲ್ಲಿ ಕೂತಿತು. ಅಷ್ಟರಲ್ಲಿ ಕಾಯಂ ನೌಕರರಿಗೆ ಏಳನೇ ವೇತನ ಆಯೋಗದ ಸಂಬಳ ಬಂದಾಗಿತ್ತು. ಇವರ ಮೂಲ ಭತ್ಯೆ ತುಟ್ಟಿಭತ್ಯೆ ಬಿಟ್ಟು 2,295 ರೂಪಾಯಿಯಿಂದ ಶುರುವಾಗುತ್ತಿತ್ತು. 16 ದಿನಗಳ ಮುಷ್ಕರದ ಕೊನೆಗೆ ಬಂದ ಆದೇಶದಲ್ಲಿ ಹನ್ನೊಂದು ಶ್ರೇಣಿಗಳನ್ನು ಮೂರಕ್ಕೆ ಇಳಿಸಿ, ಬಿಪಿಎಂಗೆ ನಾಲ್ಕು ಗಂಟೆಯ ಕೆಲಸಕ್ಕೆ 12,000, ಐದು ಗಂಟೆಗೆ 14,500, ಉಳಿದವರಿಗೆ 10,000 ಮತ್ತು 12,000 ಎಂದು ನಿಗದಿ ಮಾಡಲಾಯಿತು. ವರದಿ ಬಂದ ಆರು ತಿಂಗಳಲ್ಲಿ ಇದೇ ಆದೇಶ ಹೊರಟಿದ್ದರೆ ಆ 16 ದಿನಗಳ ಅಗತ್ಯವೇ ಇರಲಿಲ್ಲ. ಅಜ್ಜಿಯ ಪಿಂಚಣಿ ನಿಲ್ಲಿಸಿದ್ದು ಪೋಸ್ಟ್‌ಮ್ಯಾನ್ ಎಂದು ಊರಿನಲ್ಲಿ ಕಾಣುತ್ತದೆ. ನಾನು ದಿನಾಂಕಗಳನ್ನು ಇಟ್ಟು ನೋಡಿದಾಗ ತಡ ಬೇರೆ ಕಡೆ ಆಗಿರುವುದು ಕಾಣುತ್ತದೆ.

"ನಾಲ್ಕೈದು ಗಂಟೆ ಕೆಲಸಕ್ಕೆ ಅಷ್ಟು ಸಾಲದಾ?" ಎಂಬ ಮಾತು ಹೋಟೆಲಿನ ಬೆಂಚಿನ ಮೇಲೆ ಕೇಳಿಬರುತ್ತದೆ. ಕೇಳುವವರು ದುಷ್ಟರಲ್ಲ. ನರೇಗಾ ಕೂಲಿಗೆ ಹೋಗುವವರಿಗೆ ಹನ್ನೆರಡು ಸಾವಿರ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಆ ಗಂಟೆಗಳನ್ನು ಅಳೆಯುವುದು ಕಚೇರಿಯ ವಹಿವಾಟಿನ ಲೆಕ್ಕದಿಂದ. ಬಸ್ಸಿಗೆ ಚೀಲ ಕಾಯುವುದು, ಹಳ್ಳಿಯಿಂದ ಹಳ್ಳಿಗೆ ತೋಟದ ದಾರಿಯಲ್ಲಿ ಹೋಗುವುದು, ನೆಟ್‌ವರ್ಕ್ ಸಿಗದೆ ಮೆಷಿನ್ ಹಿಡಿದು ಮರದ ಕೆಳಗೆ ನಿಲ್ಲುವುದು, ಮನೆಯಲ್ಲಿಲ್ಲದವರಿಗೆ ಮತ್ತೆ ಹೋಗುವುದು ಇವೆಲ್ಲ ಆ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಖಾತೆ ಮಾಡಿಸಿ, ವಿಮೆ ಮಾಡಿಸಿ ಎಂಬ ಗುರಿಗಳ ಒತ್ತಡ ಬೇರೆ. ಪಿಂಚಣಿ ಕೊಡುವಾಗ ಹತ್ತಿಪ್ಪತ್ತು ರೂಪಾಯಿ ಹಿಡಿದುಕೊಳ್ಳುತ್ತಾರೆ ಎಂಬ ದೂರು ಅನೇಕ ಕಡೆ ಇತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆ ತಪ್ಪಿಗೆ ಶಿಕ್ಷೆ ಇರಲಿ. ಊರಿನವರ ಹಣವನ್ನು ದಿನವೂ ಕೈಯಲ್ಲಿ ಹಿಡಿದು ಹಂಚುವವರಿಗೆ ಬಾಳುವಷ್ಟು ಕೊಡದೆ ಇಟ್ಟದ್ದೂ ತಪ್ಪೇ.

ಗಾರ್ಮೆಂಟ್ಸ್ ಕಾರ್ಖಾನೆಯ ಮುಷ್ಕರಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾರ್ಖಾನೆಯವರು ಗೇಟಿನ ಹೊರಗೆ ಕೂರುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಬಿಪಿಎಂ ಮುಷ್ಕರ ಹೂಡಿದರೆ ಬೀಗ ಬೀಳುವುದು ಎಷ್ಟೋ ಕಡೆ ಸ್ವಂತ ಮನೆಯ ಮುಂಭಾಗದ ಕೋಣೆಗೆ. ಹಿಂದಿನ ಬಾಗಿಲಿನಿಂದ ಹಸುವಿಗೆ ನೀರು ಇಡಲು ಬಂದರೆ ಪಿಂಚಣಿ ಕೇಳಲು ಬಂದವರು ಎದುರಿಗೇ ನಿಂತಿರುತ್ತಾರೆ. ಅವರು ಗಿರಾಕಿಗಳಲ್ಲ, ದೊಡ್ಡಮ್ಮ, ಅತ್ತೆ, ಮಾವ. "ಏನಪ್ಪ, ನಮ್ದು ಬಂದೈತಾ?" ಎಂದು ಕೇಳಿದವರಿಗೆ ದೆಹಲಿಯ ವರದಿಯ ಕಥೆ ಹೇಳಬೇಕು. ಅಂಥ ಮುಜುಗರವನ್ನು 16 ದಿನ ಹೊರಲು ಜನ ಒಪ್ಪಿದರೆಂದರೆ ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ಐದು ವರ್ಷದ ನಂತರ, 2023ರ ಡಿಸೆಂಬರ್ 12ರಂದು ಮತ್ತೆ ಮುಷ್ಕರವಾಯಿತು. ಎಂಟು ಗಂಟೆಯ ಕೆಲಸ, ಪಿಂಚಣಿ, 12, 24, 36 ವರ್ಷಗಳ ಸೇವೆಗೆ ಬಡ್ತಿಯ ಲಾಭ, ಕಮಲೇಶ್ ಚಂದ್ರ ವರದಿಯಲ್ಲಿ ಉಳಿದುಹೋದ ಶಿಫಾರಸುಗಳು ಬೇಡಿಕೆಯಲ್ಲಿದ್ದವು. ಈ ಸಲ ಕೆಲವೇ ದಿನಗಳಲ್ಲಿ ಮುಗಿಯಿತು. ಆ ಐದು ವರ್ಷದಲ್ಲಿ ಹಳ್ಳಿಯ ಹಣದ ದಾರಿಯೂ ಬದಲಾಗಿತ್ತು. 2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ದೇಶದಾದ್ಯಂತ ಶುರುವಾಯಿತು. ಪಿಂಚಣಿ ಮನಿಯಾರ್ಡರ್ ಬಿಟ್ಟು ಖಾತೆಗೆ ಬರತೊಡಗಿತು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾದಾಗ ಆಧಾರ್ ಜೋಡಣೆಯ ತೊಡಕಿದ್ದ ಹೆಂಗಸರು ಅಂಚೆಯ ಈ ಬ್ಯಾಂಕಿನಲ್ಲಿ ಖಾತೆ ಮಾಡಿಸಿಕೊಂಡರು. ಹಣ ಖಾತೆಗೆ ಬರುವುದಕ್ಕೆ ಈಗ ಮುಷ್ಕರ ಅಡ್ಡಿಯಲ್ಲ. ಖಾತೆಯಿಂದ ಕೈಗೆ ಬರುವುದಕ್ಕೆ ಮಾತ್ರ ಅದೇ ಪೋಸ್ಟಣ್ಣ ಬೆರಳಚ್ಚಿನ ಯಂತ್ರ ಹಿಡಿದು ಬರಬೇಕು. ಪೇಟೆಯಲ್ಲಿ ಎಟಿಎಂ ಇದೆ, ಬ್ಯಾಂಕ್ ಮಿತ್ರರು ಇದ್ದಾರೆ, ಗಟ್ಟಿ ಕಾಲಿನವರು ಹೇಗೋ ತೆಗೆದುಕೊಳ್ಳುತ್ತಾರೆ. ಪೆಟ್ಟು ಬೀಳುವವರ ಸಂಖ್ಯೆ ಕಡಿಮೆಯಾಗಿದೆ ಎಂಬುದು ನಿಜ. ಉಳಿದವರು ಹಾಸಿಗೆ ಹಿಡಿದವರು, ಕಣ್ಣು ಕಾಣದವರು, ಒಂಟಿ ಮುದುಕರು. ಬದಲಿ ದಾರಿ ಯಾವುದೂ ಇವರಿಗೆ ಸಿಗುವುದಿಲ್ಲ.

2024ರ ಮಾರ್ಚ್ 15ರಂದು ಕೇಂದ್ರ ಸರ್ಕಾರ ಸೇವಾವಧಿಯ ಲಾಭದ ಯೋಜನೆ ಪ್ರಕಟಿಸಿತು. 12 ವರ್ಷ ಪೂರೈಸಿದವರಿಗೆ ವರ್ಷಕ್ಕೆ 4,320, 24ಕ್ಕೆ 5,520, 36ಕ್ಕೆ 7,200 ರೂಪಾಯಿ. ತಿಂಗಳಿಗೆ ಭಾಗಿಸಿದರೆ 360, 460, 600. ಮೂವತ್ತಾರು ವರ್ಷ ಚೀಲ ಹೊತ್ತವರಿಗೆ ತಿಂಗಳಿಗೆ ಆರುನೂರು ರೂಪಾಯಿ ಸೇರಿಸಿ ವಿಷಯ ಮುಗಿಯಿತೆಂದು ಭಾವಿಸಲಾಗದು. ಕಾಯಂ ನೌಕರರಿಗಿರುವ ಪಿಂಚಣಿಯ ಪ್ರಶ್ನೆ ಹಾಗೇ ಉಳಿದಿದೆ. ಇನ್ನೊಬ್ಬರ ವೃದ್ಧಾಪ್ಯ ವೇತನವನ್ನು ಮನೆಗೆ ಒಯ್ದುಕೊಟ್ಟು 65ಕ್ಕೆ ನಿವೃತ್ತರಾಗುವವರ ಸ್ವಂತ ವೃದ್ಧಾಪ್ಯಕ್ಕೆ ಅಂಥ ತಿಂಗಳ ಆಧಾರವಿಲ್ಲ. ಹಾಗಾಗಿ ಮತ್ತೊಂದು ಮುಷ್ಕರ ಬರುವುದಿಲ್ಲ ಎಂದು ಹೇಳುವಂತಿಲ್ಲ. ಬಂದಾಗ ಊರು ಏನು ಮಾಡಬಹುದು ಎಂಬುದನ್ನು ಈಗಲೇ ಯೋಚಿಸುವುದು ಮೇಲು.

ಇದಕ್ಕೆ ಹೊರಗಿನ ಒಂದು ಉದಾಹರಣೆ ನೋಡಬಹುದು. ಕೆನಡಾದಲ್ಲಿ 2024ರ ನವೆಂಬರ್ 15ರಿಂದ ಸುಮಾರು 55,000 ಅಂಚೆ ನೌಕರರು ಒಂದು ತಿಂಗಳಿಗೂ ಹೆಚ್ಚು ಮುಷ್ಕರ ಹೂಡಿದರು. ಅಲ್ಲಿ ಸಂಘಕ್ಕೂ ಅಂಚೆ ಸಂಸ್ಥೆಗೂ ಒಂದು ಒಪ್ಪಂದವಿದೆ. ಮುಷ್ಕರ ನಡೆಯುತ್ತಿದ್ದರೂ ವೃದ್ಧರ ಪಿಂಚಣಿಯಂಥ ಸರ್ಕಾರಿ ನೆರವಿನ ಚೆಕ್ಕುಗಳನ್ನು ತಲುಪಿಸಲಾಗುತ್ತದೆ. ನೌಕರರ ಹೋರಾಟದ ಬಲ ಇದರಿಂದ ಕುಂದಲಿಲ್ಲ. ಬಡವರ ಎದುರು ಅವರನ್ನು ನಿಲ್ಲಿಸುವ ಅವಕಾಶ ಮಾತ್ರ ತಪ್ಪಿತು. ನಮ್ಮ ಸಂಘಗಳೂ ಇಲಾಖೆಯೂ ಮುಷ್ಕರವಿಲ್ಲದ ಶಾಂತ ಕಾಲದಲ್ಲಿ ಕೂತು ಇಂಥ ಒಪ್ಪಂದ ಬರೆದುಕೊಳ್ಳಲು ಅಡ್ಡಿ ಯಾವುದು ಎಂಬುದು ನನಗೆ ಅರ್ಥವಾಗಿಲ್ಲ.

ಒಪ್ಪಂದ ಬರುವವರೆಗೆ ಕೈಯಲ್ಲಿರುವ ಉಪಾಯವೂ ಇದೆ. ಅಂಚೆಯಂಥ ಸೇವೆಯಲ್ಲಿ ಮುಷ್ಕರಕ್ಕೆ ಕನಿಷ್ಠ 14 ದಿನ ಮುಂಚೆ ನೋಟಿಸ್ ಕೊಡಬೇಕು. ಆ 14 ದಿನಗಳನ್ನು ಊರು ಬಳಸಿಕೊಳ್ಳಬಹುದು. ಪಂಚಾಯಿತಿಯವರು ಕಸದ ಗಾಡಿಯ ಮೈಕಿನಲ್ಲಿ ಹೇಳಿಸಿದರೂ ಆರ್.ಡಿ. ಕಂತು ಮುಂಚಿತವಾಗಿ ಕಟ್ಟಬಹುದಾದವರು ಕಟ್ಟುತ್ತಾರೆ, ಔಷಧಿಗೆ ಹಣ ಬೇಕಾದವರು ತೆಗೆದಿಟ್ಟುಕೊಳ್ಳುತ್ತಾರೆ. ಮನೆ ಬಿಟ್ಟು ಹೊರಬರಲಾಗದ ಪಿಂಚಣಿದಾರರು ಯಾರು ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತು, ಗ್ರಾಮ ಆಡಳಿತಾಧಿಕಾರಿಗೆ ಗೊತ್ತು, ಎಲ್ಲರಿಗಿಂತ ಹೆಚ್ಚಾಗಿ ಪೋಸ್ಟ್‌ಮ್ಯಾನ್‌ಗೆ ಗೊತ್ತು. ಮಂಚೇನಹಳ್ಳಿಗೆ ಈಗ ಸ್ವಂತ ತಹಶೀಲ್ದಾರ್ ಕಚೇರಿ ಇದೆ. ಇಂಥವರ ಪಟ್ಟಿಯೊಂದು ಅಲ್ಲಿ ಸಿದ್ಧವಿದ್ದು, ಮುಷ್ಕರದ ನೋಟಿಸ್ ಹೊರಟ ವಾರವೇ ಅದು ಉಪ ಅಂಚೆ ಕಚೇರಿಯನ್ನು ತಲುಪಿದರೆ, ಚೀಲ ನಿಲ್ಲುವ ಮೊದಲೇ ಆ ಮನೆಗಳಿಗೆ ಹಣ ಹೋಗಿ ಬರಬಹುದು.